ಮೂರು ಬಗೆಯ ಕಂಪ್ಯೂಟರ್‌ಗಳಿರುವ ಕಚೇರಿಗೆ ಒಂದೇ ಕಾವಲು ಸಾಧ್ಯವೇ?

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಕಂಪ್ಯೂಟರ್ ವಿಭಾಗವನ್ನು ನಾವಿಬ್ಬರೇ ನೋಡಿಕೊಳ್ಳುತ್ತಿದ್ದೇವೆ. ಒಟ್ಟು ಸುಮಾರು 240 ಕಂಪ್ಯೂಟರ್‌ಗಳು. ಲೆಕ್ಕಪತ್ರ, ಖರೀದಿ, ಆಡಳಿತ ವಿಭಾಗಗಳಲ್ಲಿ ವಿಂಡೋಸ್, ವಿನ್ಯಾಸ ಮತ್ತು ಮಾರುಕಟ್ಟೆ ವಿಭಾಗಗಳಲ್ಲಿ 30 ಮ್ಯಾಕ್, ಸಾಫ್ಟ್‌ವೇರ್ ತಂಡದವರ ಬಳಿ ಮತ್ತು ಸರ್ವರ್‌ಗಳಲ್ಲಿ ಲಿನಕ್ಸ್. ಕಾರ್ಖಾನೆಯಲ್ಲಿ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಎರಡು ಸಿಎನ್‌ಸಿ ಯಂತ್ರಗಳು ಇಂದಿಗೂ ವಿಂಡೋಸ್ ಎಕ್ಸ್‌ಪಿಯಲ್ಲೇ ಓಡುತ್ತಿವೆ. ನಮ್ಮ ದೊಡ್ಡ ಗ್ರಾಹಕರೊಬ್ಬರು ಭದ್ರತಾ ತಪಾಸಣೆಗೆ ಬರುವುದಾಗಿ ತಿಳಿಸಿದ್ದಾರೆ. "ಎಲ್ಲವನ್ನೂ ವಿಂಡೋಸ್‌ಗೆ ಬದಲಾಯಿಸಿ, ತಲೆನೋವು ಮುಗಿಯಲಿ" ಎನ್ನುತ್ತಾರೆ ನಿರ್ದೇಶಕರು. "ಲಿನಕ್ಸ್‌ಗೆ ವೈರಸ್ ಬರುವುದಿಲ್ಲ, ನಮ್ಮವನ್ನು ಮುಟ್ಟಬೇಡಿ" ಎನ್ನುತ್ತದೆ ಸಾಫ್ಟ್‌ವೇರ್ ತಂಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ ನಮ್ಮದು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ನಿಮ್ಮ ನಿರ್ದೇಶಕರ ಮಾತನ್ನೇ ತೆಗೆದುಕೊಳ್ಳುತ್ತೇನೆ. ಅದರಲ್ಲಿ ತಕ್ಕಮಟ್ಟಿಗೆ ನ್ಯಾಯವಿದೆ. ಇಬ್ಬರೇ ಇರುವ ತಂಡಕ್ಕೆ ಮೂರು ಬಗೆಯ ವ್ಯವಸ್ಥೆಗಳನ್ನು ಕಲಿತು ಕಾಯುವುದು ಭಾರವೇ. ಆದರೂ ಬದಲಾಯಿಸಬೇಡಿ ಎಂದೇ ಹೇಳುತ್ತೇನೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಯಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟ ದಿನ ಇದೇ. ಅದೇ ತಂತ್ರಾಂಶವಿದ್ದ ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳಿಗೆ ಆ ದಿನ ಏನೂ ಆಗಲಿಲ್ಲ. ತಪ್ಪು ವಿಂಡೋಸ್‌ನದಲ್ಲ, ನಿಜ. ಆದರೆ ಎಲ್ಲವೂ ಒಂದೇ ಬಗೆಯವಾಗಿದ್ದರೆ ಒಂದೇ ಏಟಿಗೆ ಎಲ್ಲವೂ ಮಲಗುತ್ತವೆ ಎಂಬುದನ್ನು ನಿರ್ದೇಶಕರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನೊಂದು ಕಾರಣವೂ ಇದೆ. ನಿಮ್ಮಲ್ಲಿರುವುದು ಮೂರು ಆಪರೇಟಿಂಗ್ ಸಿಸ್ಟಂ ಎಂದು ಬರೆದಿದ್ದೀರಿ. ಒಂದು ಸಲ ಕಚೇರಿಯೊಳಗೆ ನಡೆದಾಡಿ ಎಣಿಸಿ ನೋಡಿ. ಸರ್ವರ್ ಕೋಣೆಯಲ್ಲಿ ವರ್ಚುವಲ್ ಯಂತ್ರಗಳನ್ನು ಹೊತ್ತ ಹೈಪರ್‌ವೈಸರ್ ಇದೆಯೇ? ಅದು ಒಂದು ಆಪರೇಟಿಂಗ್ ಸಿಸ್ಟಂ. ಕಡತ ಸಂಗ್ರಹದ ಎನ್‌ಎಎಸ್ ಪೆಟ್ಟಿಗೆಯೊಳಗೆ ಇನ್ನೊಂದು. ಪ್ರಿಂಟರ್, ಫೈರ್‌ವಾಲ್, ಸಿಸಿಟಿವಿ ರೆಕಾರ್ಡರ್, ಹಾಜರಾತಿಗೆ ಬೆರಳಚ್ಚು ಪಡೆಯುವ ಯಂತ್ರ, ಇವುಗಳ ಹೊಟ್ಟೆಯಲ್ಲಿ ಒಂದೊಂದು. 2016ರಲ್ಲಿ ಮಿರಾಯ್ ಎಂಬ ಹುಳು ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಹಾಗೂ ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಅವುಗಳ ಕಾರ್ಖಾನೆ ಪಾಸ್‌ವರ್ಡ್‌ಗಳನ್ನು ಯಾರೂ ಬದಲಾಯಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ. 2023ರ ಫೆಬ್ರವರಿಯಲ್ಲಿ ವಿಎಂವೇರ್ ಇಎಸ್‌ಎಕ್ಸ್‌ಐ ಹೈಪರ್‌ವೈಸರ್‌ಗಳ ಮೇಲೆ ರ್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿಯಾಗಿ ಸಾವಿರಾರು ಸರ್ವರ್‌ಗಳು ಬೀಗ ಬಿದ್ದು ಕುಳಿತವು. ಅಲ್ಲಿ ಬಳಕೆಯಾದದ್ದೆಂದು ಹೇಳಲಾದ ದೋಷಕ್ಕೆ ಎರಡು ವರ್ಷ ಮೊದಲೇ ಪರಿಹಾರ ಬಂದಿತ್ತು. ಎಲ್ಲರೂ ತಮ್ಮ ತಮ್ಮ ವಿಂಡೋಸ್, ಲಿನಕ್ಸ್ ನೋಡಿಕೊಂಡರು, ಅವೆರಡನ್ನೂ ಹೊತ್ತು ನಿಂತಿದ್ದ ತಳದ ಯಂತ್ರವನ್ನು ನೋಡುವುದು ಯಾರ ಕೆಲಸವೆಂದು ಎಷ್ಟೋ ಕಡೆ ತೀರ್ಮಾನವೇ ಆಗಿರಲಿಲ್ಲ. ಕಚೇರಿಯ ಮೇಜುಗಳನ್ನೆಲ್ಲ ವಿಂಡೋಸ್‌ಗೆ ಬದಲಾಯಿಸಿದರೂ ನಿಮ್ಮದು ಮಿಶ್ರ ಕಚೇರಿಯಾಗಿಯೇ ಉಳಿಯುತ್ತದೆ.

ಆದ್ದರಿಂದ ಶುರು ಮಾಡಬೇಕಾದದ್ದು ಪಟ್ಟಿಯಿಂದ. ಪ್ರತಿ ಯಂತ್ರಕ್ಕೂ ಒಂದು ಸಾಲು: ಎಲ್ಲಿದೆ, ಯಾವ ಆವೃತ್ತಿ ಓಡುತ್ತಿದೆ, ತಯಾರಕರ ಬೆಂಬಲ ಎಂದಿಗೆ ಮುಗಿಯುತ್ತದೆ, ಇದಕ್ಕೆ ಹೊಣೆ ಯಾರು. ಕೊನೆಯ ಕಾಲಂ ತುಂಬುವುದೇ ಕಷ್ಟ, ಮತ್ತು ಅದೇ ಎಲ್ಲಕ್ಕಿಂತ ಮುಖ್ಯ. ಡಿಎಚ್‌ಸಿಪಿ ಸರ್ವರ್ ವಿಳಾಸ ಹಂಚಿದ ಪಟ್ಟಿ, ಜಾಲದ ಸ್ವಿಚ್‌ಗಳು ಕಂಡ ಎಂಎಸಿ ವಿಳಾಸಗಳು (ಪ್ರತಿ ಜಾಲ ಕಾರ್ಡ್‌ನ ಗುರುತು ಸಂಖ್ಯೆ), ಜಾಲದಲ್ಲಿರುವ ಯಂತ್ರಗಳನ್ನು ತಟ್ಟಿ ನೋಡುವ ಎನ್‌ಮ್ಯಾಪ್ ತಂತ್ರಾಂಶದ ಹುಡುಕಾಟ, ಲೆಕ್ಕಪತ್ರ ವಿಭಾಗದ ಖರೀದಿ ಬಿಲ್‌ಗಳು, ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿ. ಒಂದು ಎಚ್ಚರಿಕೆ: ಕಾರ್ಖಾನೆಯ ಯಂತ್ರಗಳತ್ತ ಎನ್‌ಮ್ಯಾಪ್ ತಿರುಗಿಸಬೇಡಿ. ಹಳೆಯ ನಿಯಂತ್ರಕಗಳು ಆ ತಟ್ಟುವಿಕೆಗೇ ಸ್ಥಗಿತಗೊಳ್ಳುವುದುಂಟು. ಅವನ್ನು ಕಾಲ್ನಡಿಗೆಯಲ್ಲೇ ಎಣಿಸಿ.

ಪಟ್ಟಿ ಕೈಗೆ ಬಂದ ಮೇಲೆ ನೀತಿ. ಅನೇಕರು ಎಡವುವುದು ಇಲ್ಲಿಯೇ. ವಿಂಡೋಸ್‌ಗೆಂದು ಬರೆದ ನಿಯಮಗಳನ್ನು ಮ್ಯಾಕ್ ಮತ್ತು ಲಿನಕ್ಸ್‌ಗಳ ಮೇಲೆ ಹೇರಲು ಹೋಗಿ ಯಾವುದೂ ಸರಿಯಾಗಿ ಕೂರುವುದಿಲ್ಲ. ನೀತಿಯಲ್ಲಿ ಯಾವ ಆಪರೇಟಿಂಗ್ ಸಿಸ್ಟಂನ ಹೆಸರೂ ಬರಬಾರದು, ಬೇಕಾದ ಫಲ ಮಾತ್ರ ಬರಬೇಕು ಎಂಬುದು ನನ್ನ ಖಚಿತ ನಿಲುವು. ಉದಾಹರಣೆಗೆ, ಕಳುವಾದ ಯಂತ್ರದ ಡಿಸ್ಕನ್ನು ಕದ್ದವನು ಓದಲಾರದಂತಿರಬೇಕು. ಕೆಲಸ ಬಿಟ್ಟವರ ಪ್ರವೇಶ ಅದೇ ಸಂಜೆಯೊಳಗೆ ಎಲ್ಲ ಕಡೆ ಮುಚ್ಚಬೇಕು. ದಿನನಿತ್ಯದ ಕೆಲಸಕ್ಕೆ ಯಾರೂ ಆಡಳಿತಾಧಿಕಾರವಿರುವ ಖಾತೆ ಬಳಸಬಾರದು. ಗಂಭೀರ ದೋಷಕ್ಕೆ ಪರಿಹಾರ ಬಂದ 14 ದಿನಗಳೊಳಗೆ ಅದು ಯಂತ್ರಕ್ಕೆ ತಲುಪಿರಬೇಕು. ಯಂತ್ರದ ಲಾಗ್, ಅಂದರೆ ಅದರಲ್ಲಿ ನಡೆದದ್ದರ ದಾಖಲೆ, ಆ ಯಂತ್ರದಲ್ಲಷ್ಟೇ ಉಳಿಯಬಾರದು. ಇಷ್ಟನ್ನು ಒಂದೇ ಪುಟದಲ್ಲಿ ಬರೆದು ನಿರ್ದೇಶಕರ ಸಹಿ ಪಡೆಯಿರಿ. ಇವನ್ನು ವಿಂಡೋಸ್ ತನ್ನ ರೀತಿಯಲ್ಲಿ ಪಾಲಿಸಲಿ, ಮ್ಯಾಕ್ ತನ್ನ ರೀತಿಯಲ್ಲಿ, ಲಿನಕ್ಸ್ ತನ್ನ ರೀತಿಯಲ್ಲಿ. ಸಾಫ್ಟ್‌ವೇರ್ ತಂಡದೊಂದಿಗಿನ ಜಗಳವೂ ಇದರಿಂದ ತಣ್ಣಗಾಗುತ್ತದೆ. "ಈ ತಂತ್ರಾಂಶ ಹಾಕಿಕೊಳ್ಳಿ" ಎಂದರೆ ಅವರು ವಾದಕ್ಕೆ ನಿಲ್ಲುತ್ತಾರೆ. "ಈ ಫಲವನ್ನು ನೀವು ಹೇಗೆ ತೋರಿಸುತ್ತೀರಿ?" ಎಂದು ಕೇಳಿದರೆ ಯೋಚಿಸತೊಡಗುತ್ತಾರೆ.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎಂಬ ಮಾತಿಗೆ ನಾನು ಕಣ್ಣಾರೆ ಕಂಡದ್ದನ್ನೇ ಉತ್ತರವಾಗಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಒಂದು ಕಚೇರಿಯಿಂದ ಕರೆ ಬಂತು. ಅವರ ಕಡತ ಸರ್ವರ್ ಲಿನಕ್ಸ್, ಅದರ ಮೇಲೆ ವಿಂಡೋಸ್ ಯಂತ್ರಗಳಿಗೆ ಕಡತ ಹಂಚುವ ಸಾಂಬಾ ತಂತ್ರಾಂಶ. ಹೋಗಿ ನೋಡಿದರೆ ಹಂಚಿಕೆಯ ಫೋಲ್ಡರ್‌ಗಳಲ್ಲಿದ್ದ ಪ್ರತಿಯೊಂದು ಕಡತದ ಹೆಸರಿಗೂ ಬಾಲದಂತೆ ವಿಚಿತ್ರ ಅಕ್ಷರಗಳು ಅಂಟಿಕೊಂಡಿದ್ದವು. ಎಲ್ಲದರ ತಿದ್ದುಪಡಿ ಸಮಯವೂ ಹಿಂದಿನ ರಾತ್ರಿಯ ಅದೇ ನಲವತ್ತು ನಿಮಿಷಗಳೊಳಗಿನದು. ಸರ್ವರನ್ನು ಮೂಲೆ ಮೂಲೆ ಜಾಲಾಡಿದೆವು. ಅದರೊಳಗೆ ಒಂದೇ ಒಂದು ಕೆಟ್ಟ ಪ್ರೋಗ್ರಾಂ ಇರಲಿಲ್ಲ. ರ್ಯಾನ್ಸಮ್‌ವೇರ್ ಓಡಿದ್ದು ಲೆಕ್ಕಪತ್ರ ವಿಭಾಗದ ಒಂದು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ. ಆ ಲ್ಯಾಪ್‌ಟಾಪ್‌ಗೆ ಸರ್ವರ್‌ನ ಫೋಲ್ಡರ್ 'ಝಡ್ ಡ್ರೈವ್' ಆಗಿ ಕಾಣುತ್ತಿತ್ತು. ಆ ಫೋಲ್ಡರ್‌ಗೆ ಎಲ್ಲರಿಗೂ ಬರೆಯುವ ಅನುಮತಿ, ಅಂದರೆ 777. ಲಿನಕ್ಸ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು: ಅನುಮತಿ ಇದ್ದವರು ಬರೆಯಲು ಬಂದರು, ಬರೆಯಲು ಬಿಟ್ಟಿತು. ವಿಂಡೋಸ್ ನೋಡಿಕೊಳ್ಳುವವರು ಸರ್ವರ್ ತಮ್ಮದಲ್ಲ ಎಂದುಕೊಂಡಿದ್ದರು, ಸರ್ವರ್ ನೋಡಿಕೊಳ್ಳುವವರು ಲ್ಯಾಪ್‌ಟಾಪ್ ತಮ್ಮದಲ್ಲ ಎಂದುಕೊಂಡಿದ್ದರು. ಮಿಶ್ರ ಕಚೇರಿಯಲ್ಲಿ ಹಾನಿ ನುಗ್ಗುವುದು ಹೆಚ್ಚಾಗಿ ಇಂತಹ ಸಂದುಗಳಲ್ಲಿ.

ಲಿನಕ್ಸ್‌ನ ಒಳಗಿನ ದೋಷಗಳೂ ಕಡಿಮೆಯೇನಲ್ಲ. 2022ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ವ್ನ್‌ಕಿಟ್ ದೋಷ ಬಹುತೇಕ ಎಲ್ಲ ಪ್ರಮುಖ ಲಿನಕ್ಸ್ ವಿತರಣೆಗಳಲ್ಲಿ 12 ವರ್ಷಗಳಿಗೂ ಹೆಚ್ಚು ಕಾಲ ಅಡಗಿತ್ತು. ಯಂತ್ರದೊಳಗೆ ಸಾಮಾನ್ಯ ಖಾತೆಯೊಂದು ಸಿಕ್ಕರೆ ಸಾಕು, ಅದರಿಂದ ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಬಳಕೆದಾರ, ಆಗಬಹುದಿತ್ತು. ಮ್ಯಾಕ್ ಅಭಿಮಾನಿಗಳಿಗೆ 2017ರ ನವೆಂಬರ್ ನೆನಪಿಸಿ: ಹೈ ಸಿಯೆರಾ ಆವೃತ್ತಿಯಲ್ಲಿ ಬಳಕೆದಾರರ ಹೆಸರಿನ ಜಾಗದಲ್ಲಿ 'ರೂಟ್' ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು, ಒಂದೆರಡು ಸಲ ಒತ್ತಿದರೆ ಆಡಳಿತಾಧಿಕಾರ ಸಿಗುತ್ತಿತ್ತು. ಆಪಲ್ ಮರುದಿನವೇ ಸರಿಪಡಿಸಿತು.

ಈಗ ಖಾತೆಗಳು. ನಿಮ್ಮ ಸಮಯದ ಅರ್ಧ ಭಾಗ ಇಲ್ಲಿಗೇ ಹೋಗಲಿ ಎನ್ನುತ್ತೇನೆ. ಒಂದು ಆಪರೇಟಿಂಗ್ ಸಿಸ್ಟಂಗೆ ಬರೆದ ವೈರಸ್ ಇನ್ನೊಂದರಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ, ಆದರೆ ಕದ್ದ ಪಾಸ್‌ವರ್ಡ್ ಮೂರರಲ್ಲೂ ಓಡುತ್ತದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಹುಳು ಹರಡಿದ ಬಗೆ ಕದ್ದ ಪಾಸ್‌ವರ್ಡ್‌ನ ಬಲಕ್ಕೆ ಸಾಕ್ಷಿ. ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಒಳಬಂದ ಅದು, ಯಂತ್ರದ ಮೆಮೊರಿಯಲ್ಲಿದ್ದ ಆಡಳಿತಗಾರರ ಗುರುತುಗಳನ್ನು ಕದ್ದು, ಎಲ್ಲ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿದ್ದ ಯಂತ್ರಗಳಿಗೂ ಸಲೀಸಾಗಿ ದಾಟಿತು. ಹಡಗು ಸಾಗಣೆಯ ದೈತ್ಯ ಮಾರ್ಸ್ಕ್ ಕಂಪನಿ 4,000 ಸರ್ವರ್ ಮತ್ತು 45,000 ಕಂಪ್ಯೂಟರ್‌ಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಕಂಪನಿಯ ಎಲ್ಲರ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್‌ಗಳು, ಅಂದರೆ ಅವರ ಡೊಮೈನ್ ಕಂಟ್ರೋಲರ್‌ಗಳಲ್ಲಿ ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು, ಅದೂ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ.

ನಿಮ್ಮಲ್ಲಿ ವಿಂಡೋಸ್‌ಗೆ ಆಕ್ಟಿವ್ ಡೈರೆಕ್ಟರಿ (ಎಲ್ಲರ ಖಾತೆಗಳನ್ನು ಒಂದೇ ಕಡೆ ಇಡುವ ವ್ಯವಸ್ಥೆ; ಅದಕ್ಕೆ ಸೇರಿದ ಯಂತ್ರಗಳ ಗುಂಪೇ ಡೊಮೈನ್) ಇದ್ದೇ ಇರುತ್ತದೆ. ಲಿನಕ್ಸ್ ಯಂತ್ರಗಳನ್ನು ಎಸ್‌ಎಸ್‌ಎಸ್‌ಡಿ ಎಂಬ ತಂತ್ರಾಂಶದ ಮೂಲಕ ಅದಕ್ಕೇ ಜೋಡಿಸಿ. ಮ್ಯಾಕ್‌ಗಳನ್ನು ಹಳೆಯ ಪದ್ಧತಿಯಂತೆ ಡೊಮೈನ್‌ಗೆ ಕಟ್ಟಿಹಾಕಲು ಹೋಗಬೇಡಿ. ಲ್ಯಾಪ್‌ಟಾಪ್ ಮನೆಗೆ ಹೋದಾಗ ಪಾಸ್‌ವರ್ಡ್‌ಗಳು ಒಂದಕ್ಕೊಂದು ತಾಳೆಯಾಗದೆ ದಿನವೂ ಕರೆ ಬರುತ್ತದೆ. ಅವಕ್ಕೆ ಎಂಡಿಎಂ (ಯಂತ್ರಗಳನ್ನು ದೂರದಿಂದ ನಿರ್ವಹಿಸುವ ವ್ಯವಸ್ಥೆ) ಮತ್ತು ಕಂಪನಿಯ ಖಾತೆಯಿಂದಲೇ ಲಾಗಿನ್ ಆಗುವ ಪ್ಲಾಟ್‌ಫಾರ್ಮ್ ಸಿಂಗಲ್ ಸೈನ್ ಆನ್ ಸಾಕು. ವಿಂಡೋಸ್‌ನಲ್ಲಿ ಪ್ರತಿ ಯಂತ್ರದ ಸ್ಥಳೀಯ ಆಡಳಿತ ಪಾಸ್‌ವರ್ಡ್ ಬೇರೆ ಬೇರೆಯಾಗಿರಲು 'ಲ್ಯಾಪ್ಸ್' ಸೌಲಭ್ಯವನ್ನು ಇವತ್ತೇ ಚಾಲೂ ಮಾಡಿ. 2023ರಿಂದ ಅದು ವಿಂಡೋಸ್‌ನೊಳಗೇ ಬರುತ್ತಿದೆ, ಬೇರೆ ಖರ್ಚಿಲ್ಲ. ಮೇಲ್, ವಿಪಿಎನ್ (ಹೊರಗಿನಿಂದ ಕಚೇರಿ ಜಾಲಕ್ಕೆ ಬರುವ ದಾರಿ) ಮತ್ತು ಎಲ್ಲ ಆಡಳಿತ ಖಾತೆಗಳಿಗೆ ಎರಡನೇ ಹಂತದ ದೃಢೀಕರಣ ಕಡ್ಡಾಯ. ಆಡಳಿತ ಖಾತೆಗಳಿಗಾದರೂ ಎಸ್‌ಎಂಎಸ್ ಓಟಿಪಿ ಬದಲು ಯುಎಸ್‌ಬಿ ಭದ್ರತಾ ಕೀಲಿ ಕೊಡಿಸಿ. ಅದು ಮೂರೂ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತದೆ, ನಕಲಿ ಲಾಗಿನ್ ಪುಟಕ್ಕೆ ಮರುಳಾಗುವುದೂ ಇಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು, ಬಳಕೆಯಲ್ಲಿಲ್ಲವೆಂದು ಎಲ್ಲರೂ ಮರೆತಿದ್ದ, ಎರಡನೇ ಹಂತವಿಲ್ಲದ ಒಂದು ವಿಪಿಎನ್ ಖಾತೆಯಿಂದ.

ಇಷ್ಟೆಲ್ಲ ಮಾಡಿದ ಮೇಲೂ ತೆರೆದೇ ಉಳಿಯುವ ದಿಡ್ಡಿ ಬಾಗಿಲೊಂದಿದೆ: ಎಸ್‌ಎಸ್‌ಎಚ್ ಕೀಲಿಗಳು, ಅಂದರೆ ಪಾಸ್‌ವರ್ಡ್ ಇಲ್ಲದೆ ದೂರದಿಂದ ಸರ್ವರ್‌ಗೆ ಪ್ರವೇಶ ಕೊಡುವ ಕೀಲಿ ಕಡತಗಳು. ನಿಮ್ಮ ಯಾವುದಾದರೂ ಹಳೆಯ ಲಿನಕ್ಸ್ ಸರ್ವರ್‌ಗೆ ಹೋಗಿ 'ಆಥರೈಸ್ಡ್ ಕೀಸ್' ಕಡತವನ್ನು ತೆರೆದು ನೋಡಿ. ಒಂದೊಂದು ಸಾಲಿನಲ್ಲಿ ನೂರಾರು ಅಕ್ಷರಗಳ ಉದ್ದನೆಯ ಕೀಲಿ, ಸಾಲಿನ ಕೊನೆಯಲ್ಲಿ ಯಾರೋ ಒಬ್ಬರ ಹೆಸರು ಮತ್ತು ಅವರ ಲ್ಯಾಪ್‌ಟಾಪ್‌ನ ಹೆಸರು. ಆ ಹೆಸರುಗಳನ್ನು ಗಟ್ಟಿಯಾಗಿ ಓದಿ. ಮೂರನೆಯವರು ಕೆಲಸ ಬಿಟ್ಟು ಎರಡು ವರ್ಷವಾಗಿರುತ್ತದೆ. ಐದನೆಯವರು ಯಾರೆಂದೇ ಯಾರಿಗೂ ನೆನಪಿರುವುದಿಲ್ಲ, ಹೊರಗುತ್ತಿಗೆಯವರಿರಬಹುದು ಎನ್ನುತ್ತಾರೆ. ಆರನೆಯ ಸಾಲಿನ ಕೊನೆಯಲ್ಲಿ ಹೆಸರೇ ಇರುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಆ ವ್ಯಕ್ತಿಯ ಖಾತೆ ಮುಚ್ಚಿದರೂ, ಸರ್ವರ್‌ನಲ್ಲೇ ಸೃಷ್ಟಿಸಿ ಎಲ್ಲರೂ ಹಂಚಿಕೊಂಡು ಬಳಸುವ 'ಡಿಪ್ಲಾಯ್' ಎಂಬಂತಹ ಖಾತೆಗೆ ಈ ಕೀಲಿ ಇನ್ನೂ ತಿರುಗುತ್ತದೆ. ಅದಕ್ಕೆ ಅವಧಿ ಮುಗಿಯುವುದೆಂಬುದೇ ಇಲ್ಲ.

ಇದಕ್ಕೆ ಪರಿಹಾರವನ್ನು ಎರಡು ಹೆಜ್ಜೆಗಳಲ್ಲಿ ಮಾಡಿ. ಮೊದಲು ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಿಸಿ, ಕೀಲಿಗಳನ್ನು ಬಳಕೆದಾರರ ಸ್ವಂತ ಫೋಲ್ಡರ್‌ನಿಂದ ಓದದೆ, ರೂಟ್ ಮಾತ್ರ ಬರೆಯಬಲ್ಲ ಒಂದು ಜಾಗದಿಂದ ಓದುವಂತೆ ಮಾಡಿ. ಆ ಜಾಗವನ್ನು, ಹಲವು ಸರ್ವರ್‌ಗಳನ್ನು ಒಟ್ಟಿಗೆ ಹೊಂದಿಸುವ ಆನ್ಸಿಬಲ್ ತಂತ್ರಾಂಶದ ಮೂಲಕ ಒಂದೇ ಪಟ್ಟಿಯಿಂದ ತುಂಬಿಸಿ. ಆಗ ಯಾರೂ ತಮ್ಮಷ್ಟಕ್ಕೆ ತಾವೇ ಇನ್ನೊಂದು ಕೀಲಿ ಸೇರಿಸಲಾರರು, ಪಟ್ಟಿಯಿಂದ ಒಂದು ಹೆಸರು ತೆಗೆದರೆ ಎಲ್ಲ ಸರ್ವರ್‌ಗಳಿಂದಲೂ ಹೋಗುತ್ತದೆ. ಇದು ಒಂದು ವಾರದ ಕೆಲಸ. ಎರಡನೆಯ ಹೆಜ್ಜೆ ಎಸ್‌ಎಸ್‌ಎಚ್ ಸರ್ಟಿಫಿಕೇಟ್. ಬೆಳಿಗ್ಗೆ ಸಹಿ ಮಾಡಿ ಕೊಟ್ಟದ್ದು ಸಂಜೆಗೆ ತಾನೇ ಸಾಯುವಂತೆ ಎಂಟು ಗಂಟೆಗಳ ಆಯುಷ್ಯ ಕೊಡಬಹುದು. ಇದಕ್ಕೆ ಅವಸರವಿಲ್ಲ, ಮುಂದಿನ ವರ್ಷಕ್ಕಿಡಿ. ಇದೇ ಹೊತ್ತಿನಲ್ಲಿ, ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಬಳಸಲು ಅನುಮತಿ ಕೊಡುವ 'ಡಾಕರ್' ಗುಂಪಿನಲ್ಲಿ ಯಾರ ಹೆಸರುಗಳಿವೆ ಎಂಬುದನ್ನೂ ನೋಡಿ. ರೂಟ್ ಅಧಿಕಾರ ಬಳಸಬಲ್ಲವರ ಸುಡೊ ಪಟ್ಟಿಯನ್ನು ಬಿಗಿಯಾಗಿಟ್ಟು ಡಾಕರ್ ಗುಂಪಿಗೆ ಎಲ್ಲರನ್ನೂ ಸೇರಿಸಿರುವ ಕಚೇರಿಗಳು ಬಹಳ. ಆ ಗುಂಪಿನಲ್ಲಿರುವವರೆಲ್ಲ ವಸ್ತುಶಃ ರೂಟ್‌ಗಳೇ.

ಪ್ಯಾಚ್ ವಿಷಯದಲ್ಲಿ ಮೂರಕ್ಕೂ ಮೂರು ಸ್ವಭಾವ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಒಟ್ಟಿಗೆ ಬಿಡುಗಡೆ ಮಾಡುತ್ತದೆ, ಅದಕ್ಕೆ ತಕ್ಕಂತೆ ವೇಳಾಪಟ್ಟಿ ಹಾಕಿಕೊಳ್ಳಬಹುದು. ವಾನಾಕ್ರೈ ಎಂಬ ರ್ಯಾನ್ಸಮ್‌ವೇರ್ ಹುಳು ಬಳಸಿದ ದೋಷಕ್ಕೆ 2017ರ ಮಾರ್ಚ್ 14ರಂದೇ ಪರಿಹಾರ ಬಂದಿತ್ತು, ದಾಳಿ ನಡೆದದ್ದು ಮೇ 12ರಂದು. ನಡುವೆ 59 ದಿನ. ನಿಮ್ಮ ನೀತಿಯ ಆ 14 ದಿನಗಳು ಏಕೆಂದು ಯಾರಾದರೂ ಕೇಳಿದರೆ ಈ 59ನ್ನು ಹೇಳಿ. ಆಪಲ್ ಹಳೆಯ ಆವೃತ್ತಿಗಳಿಗೂ ಅಪ್‌ಡೇಟ್ ಕೊಡುತ್ತದೆ, ಆದರೆ ಗೊತ್ತಿರುವ ಎಲ್ಲ ದೋಷಗಳನ್ನೂ ಹಳೆಯದರಲ್ಲಿ ಸರಿಪಡಿಸುವುದಿಲ್ಲವೆಂದು ಅದೇ ಹೇಳಿಕೊಂಡಿದೆ. ಆದ್ದರಿಂದ ಮ್ಯಾಕ್‌ಗಳನ್ನು ಇತ್ತೀಚಿನ ಮುಖ್ಯ ಆವೃತ್ತಿಗೆ ತರುವುದೇ ದಾರಿ. ವಿನ್ಯಾಸ ತಂತ್ರಾಂಶ ಅದರಲ್ಲಿ ಓಡುತ್ತದೆಯೇ ಎಂದು ಒಂದು ಯಂತ್ರದಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ಲಿನಕ್ಸ್‌ನಲ್ಲಿ ಅಪ್‌ಡೇಟ್ ಸುಲಭ, ಮೋಸ ಹೋಗುವುದೂ ಸುಲಭ. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಡಿಸ್ಕ್‌ಗೆ ಬಂದಿರುತ್ತದೆ, ಓಡುತ್ತಿರುವುದು ನಾನೂರು ದಿನಗಳಿಂದ ರೀಬೂಟ್ ಕಾಣದ ಹಳೆಯದೇ. ದೀರ್ಘ ಅಪ್‌ಟೈಮ್ ಹೆಮ್ಮೆಯ ವಿಷಯವಾಗಿದ್ದ ಕಾಲ ಹೋಯಿತು. ಇನ್ನೊಂದು ವಿಷಯ ತಪಾಸಣೆಯ ದಿನ ನಿಮಗೆ ಉಪಯೋಗಕ್ಕೆ ಬರುತ್ತದೆ: ರೆಡ್ ಹ್ಯಾಟ್, ಉಬುಂಟು ಮುಂತಾದ ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿ ಸಂಖ್ಯೆಯನ್ನು ಉಳಿಸಿಕೊಂಡೇ ಒಳಗೆ ತೇಪೆ ಹಾಕುತ್ತವೆ. ದೋಷ ಹುಡುಕುವ ಸ್ಕ್ಯಾನರ್ ತಂತ್ರಾಂಶ ಆ ಸಂಖ್ಯೆ ಮಾತ್ರ ನೋಡಿ ಕೆಂಪು ಗುರುತು ಹಾಕುತ್ತದೆ. ಗಾಬರಿಯಾಗಬೇಡಿ, ವಿತರಕರ ಭದ್ರತಾ ಪ್ರಕಟಣೆ ತೋರಿಸಿದರೆ ಆಯಿತು.

ಬೆಂಬಲ ಮುಗಿದವುಗಳನ್ನು ಪಟ್ಟಿಯಿಂದ ಹೆಕ್ಕಿ. ಲಿನಕ್ಸ್ ವಿತರಣೆಯಾದ ಸೆಂಟ್‌ಓಎಸ್ 7ರದ್ದು ಮುಗಿದದ್ದು 2024ರ ಜೂನ್ 30ಕ್ಕೆ. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಇವಕ್ಕೆ ಹಣ ಕೊಟ್ಟು ವಿಸ್ತರಣೆ ಪಡೆಯಬಹುದು, ಇಲ್ಲವೇ ಬದಲಾಯಿಸಬೇಕು. ಮೂರನೆಯ ದಾರಿಯಿಲ್ಲ.

ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಹಾಕುವ ಬೀಗ, ಮೂರರಲ್ಲೂ ಒಳಗೇ ಇದೆ: ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್. ಅಂಗಡಿಯಿಂದ ಅವಸರದಲ್ಲಿ ತಂದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹೋಂ ಆವೃತ್ತಿ ಇರುತ್ತದೆ, ಅದು ಡೊಮೈನ್‌ಗೂ ಸೇರುವುದಿಲ್ಲ, ಬಿಟ್‌ಲಾಕರ್ ನಿರ್ವಹಣೆಗೂ ಸಿಗುವುದಿಲ್ಲ. ಖರೀದಿ ವಿಭಾಗಕ್ಕೆ 'ಪ್ರೊ ಮಾತ್ರ' ಎಂದು ಬರೆದುಕೊಡಿ. ಬೀಗ ಹಾಕುವುದಕ್ಕಿಂತ ಅದರ ಬಿಡಿ ಕೀಲಿ ಎಲ್ಲಿದೆ ಎಂಬುದು ದೊಡ್ಡ ಪ್ರಶ್ನೆ. ಜುಲೈ 19ರ ಆ ದಿನ ಎಷ್ಟೋ ಕಡೆ ನೀಲಿ ಪರದೆಯಿಂದ ಹೊರಬರುವ ವಿಧಾನ ಗೊತ್ತಿತ್ತು. ಆದರೆ ಯಂತ್ರ 48 ಅಂಕಿಗಳ ಬಿಟ್‌ಲಾಕರ್ ಮರುಪ್ರಾಪ್ತಿ ಕೀಲಿಯನ್ನು ಕೇಳಿತು. ಕೀಲಿಗಳನ್ನಿಟ್ಟಿದ್ದ ಸರ್ವರ್ ಕೂಡ ನೀಲಿ ಪರದೆಯಲ್ಲೇ ನಿಂತಿದ್ದರೆ ಏನು ಮಾಡುವುದು? ಮೂರೂ ಬಗೆಯ ಕೀಲಿಗಳ ಒಂದು ಪ್ರತಿಯನ್ನು ಆ ಯಂತ್ರಗಳಿಂದ ಪೂರ್ತಿ ಹೊರಗಿರುವ ಜಾಗದಲ್ಲಿಡಿ. ಲಿನಕ್ಸ್‌ನ ಲಕ್ಸ್‌ನಲ್ಲಿ ಒಂದೇ ಡಿಸ್ಕ್‌ಗೆ ಹಲವು ಕೀಲಿಗಳಿಗೆ ಜಾಗವಿದೆ. ಒಂದು ಬಳಕೆದಾರರದು, ಇನ್ನೊಂದು ಕಂಪನಿಯದು. ಮ್ಯಾಕ್ ಬಳಸುವವರು ನಿರ್ವಹಣೆಗೆ ಸೇರುವ ಮೊದಲೇ ತಾವಾಗಿ ಫೈಲ್‌ವಾಲ್ಟ್ ಹಾಕಿಕೊಂಡಿದ್ದರೆ ಅದರ ಕೀಲಿ ನಿಮ್ಮ ಬಳಿ ಬಂದಿರುವುದಿಲ್ಲ, ಹೊಸದಾಗಿ ಬದಲಾಯಿಸಿ ಪಡೆಯಬೇಕು.

ಆಂಟಿವೈರಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರಕ್ಕೂ ಒಂದೇ ತಯಾರಕರದು ಇದ್ದರೆ ಅನುಕೂಲ, ಆದರೆ ಅಪ್‌ಡೇಟ್ ಎಲ್ಲ ಯಂತ್ರಗಳಿಗೂ ಒಂದೇ ಕ್ಷಣದಲ್ಲಿ ಹೋಗದಂತೆ ಗುಂಪು ಮಾಡಿಡಿ. ಹಣ ಕಡಿಮೆಯಿದ್ದರೆ ವಾಜೂ ಮತ್ತು ಓಎಸ್‌ಕ್ವೆರಿ, ಎರಡೂ ಯಂತ್ರಗಳ ಮೇಲೆ ಕಣ್ಣಿಡುವ ಮುಕ್ತ ತಂತ್ರಾಂಶಗಳು, ಮೂರೂ ವ್ಯವಸ್ಥೆಗಳಲ್ಲಿ ಓಡುತ್ತವೆ. ಓಎಸ್‌ಕ್ವೆರಿಯಲ್ಲಿ "ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದ ಲ್ಯಾಪ್‌ಟಾಪ್‌ಗಳು ಯಾವುವು?" ಎಂದು ಒಂದೇ ಬಗೆಯ ಪ್ರಶ್ನಾಭಾಷೆಯಲ್ಲಿ ಎಲ್ಲಕ್ಕೂ ಕೇಳಬಹುದು. ತಪಾಸಣೆಗೆ ಬಂದವರ ಮುಂದೆ ಆ ಉತ್ತರವನ್ನು ತೆರೆದಿಟ್ಟರೆ ಅರ್ಧ ಪ್ರಶ್ನೆಗಳು ಮುಗಿಯುತ್ತವೆ.

ಲಾಗ್‌ಗಳ ವಿಷಯಕ್ಕೆ ಮತ್ತೆ ಆ ಭಾನುವಾರಕ್ಕೆ ಹೋಗುತ್ತೇನೆ. ಯಾವ ಲ್ಯಾಪ್‌ಟಾಪ್‌ನಿಂದ ಶುರುವಾಯಿತೆಂದು ಹುಡುಕಲು ಅರ್ಧ ದಿನ ಕಳೆದೆವು. ಸರ್ವರ್ ಲಾಗ್‌ನಲ್ಲಿ ಸಂಜೆ 5.50, ವಿಂಡೋಸ್ ಲಾಗ್‌ಗಳಲ್ಲಿ ಆ ಹೊತ್ತಿಗೆ ಏನೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಎದ್ದಾಗ ಹೊಳೆಯಿತು: ಸರ್ವರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುತ್ತಿದೆ, ವಿಂಡೋಸ್ ಭಾರತೀಯ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿ ರಾತ್ರಿ 11.20ಕ್ಕೆ ನೋಡಿದರೆ ಎಲ್ಲವೂ ಅಲ್ಲೇ ಇತ್ತು. ಇದು ಸಣ್ಣ ವಿಷಯವಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂತಹ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಯಂತ್ರಗಳ ಗಡಿಯಾರಗಳು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು. ಆರರಲ್ಲಿ ಮೂರು ಗಂಟೆ ಗಡಿಯಾರದ ಲೆಕ್ಕಕ್ಕೇ ಹೋದರೆ ವರದಿಯಲ್ಲಿ ಬರೆಯಲು ಏನು ಉಳಿಯುತ್ತದೆ? ಎಲ್ಲ ಲಾಗ್‌ಗಳೂ ಒಂದು ಸರ್ವರ್‌ಗೆ ಬರಲಿ, ಅಲ್ಲಿ ಒಂದೇ ಸಮಯವಲಯಕ್ಕೆ ಬದಲಾಗಲಿ. ಆ ಸರ್ವರ್‌ನ ಪಾಸ್‌ವರ್ಡ್ ಡೊಮೈನ್‌ಗೆ ಸೇರಿದ್ದಾಗಿರದಿರಲಿ.

ಕೊನೆಗೆ ನಿಮ್ಮ ಎರಡು ಎಕ್ಸ್‌ಪಿ ಯಂತ್ರಗಳು. ಅವನ್ನು ಬಿಸಾಡಿ ಎಂದು ಸಲಹೆ ಕೊಡುವವರು ಆ ಸಿಎನ್‌ಸಿಯ ಬೆಲೆ ಕೇಳಿರುವುದಿಲ್ಲ. ಎಕ್ಸ್‌ಪಿಗೆ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ಕ್ಕೆ, ಅದನ್ನು ಸುರಕ್ಷಿತವಾಗಿಸಲು ಸಾಧ್ಯವಿಲ್ಲ. ಸುತ್ತ ಗೋಡೆ ಕಟ್ಟಲು ಸಾಧ್ಯ. ನಾನು ಅನೇಕ ಕಾರ್ಖಾನೆಗಳಲ್ಲಿ ಕಂಡ ಅಪಾಯ ಹೀಗಿದೆ: ಎಕ್ಸ್‌ಪಿಗೆ ಕಡತ ಹಂಚಿಕೆಯ ಮೊದಲ ತಲೆಮಾರಿನ ಭಾಷೆ, ಅಂದರೆ ಎಸ್‌ಎಂಬಿ 1 ಮಾತ್ರ ಗೊತ್ತು. ವಾನಾಕ್ರೈ ಹರಿದು ಹೋದದ್ದು ಆ ದಾರಿಯಲ್ಲೇ. ಹೊಸ ವಿಂಡೋಸ್ ಮತ್ತು ಹೊಸ ಸಾಂಬಾಗಳಲ್ಲಿ ಅದು ಮೊದಲಿನಿಂದಲೇ ಬಂದ್ ಆಗಿರುತ್ತದೆ. ಕಾರ್ಖಾನೆಯವರು "ಡ್ರಾಯಿಂಗ್ ಬರುತ್ತಿಲ್ಲ, ಕೆಲಸ ನಿಂತಿದೆ" ಎಂದು ಫೋನ್ ಮಾಡಿದಾಗ ಯಾರೋ ಕಚೇರಿಯ ಮುಖ್ಯ ಕಡತ ಸರ್ವರ್‌ನಲ್ಲಿ ಅದನ್ನು ಚಾಲೂ ಮಾಡಿಬಿಡುತ್ತಾರೆ. ಎರಡು ಹಳೆಯ ಯಂತ್ರಗಳಿಗಾಗಿ 240 ಯಂತ್ರಗಳ ಬಾಗಿಲು ತೆರೆದಂತಾಯಿತು. ನಿಮ್ಮ ಸರ್ವರ್‌ನಲ್ಲಿ ಇದನ್ನು ಈ ವಾರವೇ ಪರಿಶೀಲಿಸಿ.

ಮಾಡಬೇಕಾದದ್ದು ಇಷ್ಟು. ಎರಡೂ ಯಂತ್ರಗಳನ್ನು ಪ್ರತ್ಯೇಕ ವಿಎಲ್ಯಾನ್‌ಗೆ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಜಾಲ) ಹಾಕಿ, ಇಂಟರ್‌ನೆಟ್ ಪೂರ್ತಿ ಕಡಿಯಿರಿ. ನಡುವೆ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ಇಡಿ, ಹಳೆಯ ಡೆಸ್ಕ್‌ಟಾಪ್ ಆದರೂ ಸಾಕು. ಅದರ ಒಂದು ಜಾಲ ಕಾರ್ಡ್ ಯಂತ್ರಗಳ ಕಡೆಗೆ, ಅಲ್ಲಿ ಮಾತ್ರ ಎಸ್‌ಎಂಬಿ 1. ಇನ್ನೊಂದು ಕಚೇರಿಯ ಕಡೆಗೆ, ಅಲ್ಲಿಂದ ಅದು ತಾನೇ ಹೋಗಿ ಎಸ್‌ಎಸ್‌ಎಚ್ ಮೂಲಕ ಅಂದಿನ ಕಡತಗಳನ್ನು ತರಲಿ. ಕಚೇರಿಯ ಯಾವ ಯಂತ್ರವೂ ನೇರವಾಗಿ ಎಕ್ಸ್‌ಪಿಯನ್ನು ಕಾಣಬಾರದು. ಯಂತ್ರದ ಯುಎಸ್‌ಬಿ ಪೋರ್ಟ್‌ಗಳನ್ನು ಮುಚ್ಚಿ. ಸರ್ವಿಸ್ ಎಂಜಿನಿಯರ್ ಬಂದಾಗ ತರುವ ಪೆನ್‌ಡ್ರೈವ್ ಮೊದಲು ಆ ಲಿನಕ್ಸ್ ಪೆಟ್ಟಿಗೆಯ ಮೂಲಕವೇ ಹೋಗಬೇಕೆಂದು ಆಪರೇಟರ್‌ಗಳಿಗೆ ತಿಳಿಸಿ ಹೇಳಿ. ಬಿಡುವಿನ ದಿನ ನೋಡಿ ಎರಡರ ಡಿಸ್ಕ್‌ನ ಪೂರ್ತಿ ನಕಲು ತೆಗೆದು, ಅಳತೆಗೆ ಹೊಂದುವ ಬಿಡಿ ಡಿಸ್ಕ್‌ಗಳಿಗೆ ಇಳಿಸಿ ಕಪಾಟಿನಲ್ಲಿಡಿ. ದಾಳಿಗಿಂತ ಮೊದಲು ಆ ಡಿಸ್ಕ್‌ಗಳ ವಯಸ್ಸೇ ನಿಮ್ಮನ್ನು ಕಾಡಬಹುದು.

ಆ ಭಾನುವಾರದ ಕಚೇರಿಯಲ್ಲಿ ಬ್ಯಾಕಪ್ ಇತ್ತು. ಪ್ರತಿ ರಾತ್ರಿ ತಪ್ಪದೆ ನಡೆಯುತ್ತಿತ್ತು, ಪ್ರತಿ ಬೆಳಿಗ್ಗೆ 'ಯಶಸ್ವಿ' ಎಂಬ ಮೇಲ್ ಬರುತ್ತಿತ್ತು. ಲೆಕ್ಕಪತ್ರ ಎಲ್ಲವೂ ಸಿಕ್ಕಿತು. ಆದರೆ ವಿನ್ಯಾಸ ವಿಭಾಗಕ್ಕೆಂದು ಆ ವರ್ಷ ಹೊಸದಾಗಿ ಸೃಷ್ಟಿಸಿದ್ದ ಫೋಲ್ಡರನ್ನು ಬ್ಯಾಕಪ್ ಪಟ್ಟಿಗೆ ಯಾರೂ ಸೇರಿಸಿರಲಿಲ್ಲ. ಆ ವಿಭಾಗದ ಹಿರಿಯರೊಬ್ಬರು ಖಾಲಿ ಪರದೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಹಾಗಾಗಿ ಬ್ಯಾಕಪ್ ಸರ್ವರನ್ನು ಡೊಮೈನ್‌ನಿಂದ ಹೊರಗಿಡಿ, ಒಂದು ಪ್ರತಿ ಕಟ್ಟಡದ ಹೊರಗಿರಲಿ. ಮತ್ತು ಪ್ರತಿ ತಿಂಗಳ ಮೊದಲ ಶನಿವಾರ, ತಪಾಸಣೆ ಇರಲಿ ಬಿಡಲಿ, ವಿನ್ಯಾಸ ವಿಭಾಗದವರನ್ನೇ ಕರೆದು ಅವರ ಇಷ್ಟದ ಒಂದು ಡ್ರಾಯಿಂಗ್ ಆರಿಸಲು ಹೇಳಿ. ಅದನ್ನು ಬ್ಯಾಕಪ್‌ನಿಂದ ಹೊರತೆಗೆದು, ಅವರ ಮ್ಯಾಕ್‌ನಲ್ಲೇ ತೆರೆದು, ಅಳತೆಗಳು ಸರಿಯಿವೆಯೇ ಎಂದು ಅವರಿಂದಲೇ ನೋಡಿಸಿ, ದಿನಾಂಕದೊಂದಿಗೆ ಸಹಿ ಮಾಡಿಸಿಕೊಳ್ಳಿ.